ಬ್ಯಾಟರಿ ಬೇಡದ ಡಿಟೆಕ್ಟರ್

ಜುಲೈ 7, ಸೋಮವಾರ. ಬೆಳಗ್ಗೆ 8.40

ಒಂದನೇ ಕಂಪ್ರೆಸರ್ ಪ್ರೆಷರ್ ಹದಿಮೂರು. ಎರಡನೆಯದು ಹದಿಮೂರೂವರೆ. ಎಣ್ಣೆ ಸರಿ, ನೀರು ಸರಿ. ಲಾಗ್‌ಬುಕ್ಕಿನಲ್ಲಿ ಇಷ್ಟು ಬರೆದು ಸಹಿ ಹಾಕಿದೆ. ಅದು ಕಂಪನಿಯ ಪುಸ್ತಕ. ಇದು ನನ್ನದು, ಇದರಲ್ಲಿ ನಿಜ ಬರೆಯುತ್ತೇನೆ.

ನಿಜ ಏನೆಂದರೆ ಈ ಫ್ಯಾಕ್ಟರಿ ನಡೆಯುತ್ತಿರುವುದು ನನ್ನ ಮೂಗಿನಿಂದ. ಹಾಲ್‌ನಲ್ಲಿ ನಲವತ್ತು ಹೆಂಗಸರು ದಾಳಿಂಬೆ ಬಿಡಿಸುತ್ತಾರೆ. ಕಾಳು ಫ್ರೀಜರ್‌ಗೆ ಹೋಗಿ ಕಲ್ಲಾಗಿ ಬರುತ್ತದೆ. ಆ ಚಳಿ ಬರುವುದು ಅಮೋನಿಯಾ ಗ್ಯಾಸಿನಿಂದ. ಪೈಪಿನೊಳಗೆ ಇರುವವರೆಗೆ ತೊಂದರೆ ಇಲ್ಲ. ಹೊರಗೆ ಬಂದರೆ... ಶಿರಾದ ಐಸ್ ಫ್ಯಾಕ್ಟರಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದ್‌ಗೆ ಒಂದೇ ಕಣ್ಣು. ಇನ್ನೊಂದನ್ನು ತಿಂದದ್ದು ಇದೇ ಗ್ಯಾಸು.

ಗೋಡೆಯ ಮೇಲೆ ಗ್ಯಾಸ್ ಡಿಟೆಕ್ಟರ್ ಡಬ್ಬಿ ಇದೆ. ಕಳೆದ ಕಾರ್ತಿಕದಲ್ಲಿ ವಾರಕ್ಕೆ ಮೂರು ಸಲ ಸುಮ್ಮಸುಮ್ಮನೆ ಕಿರುಚುತ್ತಿತ್ತು. ಹೆಂಗಸರು ಹೊರಗೆ ಓಡುವುದು, ಕಾಳು ಕರಗುವುದು. ಮ್ಯಾನೇಜರ್ ಪ್ರಸನ್ನ ಕುಮಾರ್ ತಲೆಯ ಮೇಲೆ ಕೈ ಹೊತ್ತು ಕೂತಾಗ ನಾನೇ ಹೇಳಿದ್ದು, "ಸಾರ್, ಆ ಡಬ್ಬಿ ಬಾಯ್ ಮುಚ್ಸಿ. ನಾನಿಲ್ವಾ?" ಬಾಗಿಲಲ್ಲೇ ನಿಂತು, ಮೂಗೇರಿಸಿ, ಸಣ್ಣಗೆ ಸೋರುತ್ತಿರುವುದು ಎಡಗಡೆಯಿಂದ ಮೂರನೇ ವಾಲ್ವ್ ಎಂದೆ. ಹೋಗಿ ನೋಡಿದರೆ ಅದೇ! ಅವತ್ತೇ ಡಬ್ಬಿಯ ವೈರ್ ಕಿತ್ತರು. ದೊಡ್ಡವರು ಯಾರಾದರೂ ಬಂದರೆ ಪ್ರಸನ್ನ ಕುಮಾರ್ ನನ್ನ ಭುಜ ತಟ್ಟಿ, "ಇದು ನಮ್ಮ ಡಿಟೆಕ್ಟರ್, ಬ್ಯಾಟರಿ ಬೇಡ" ಎನ್ನುತ್ತಾನೆ.

ಈ ಕದಿರಯ್ಯ ಓದಿದ್ದು ಮಿಡಿಗೇಶಿ ಶಾಲೆ, ಏಳನೇ ಕ್ಲಾಸು. ಯಾವ ಇಂಜಿನಿಯರ್‌ಗೆ ಇದೆ ಇಂಥ ಮೂಗು?

ಜುಲೈ 12, ಶನಿವಾರ

ಬೈಲಪ್ಪನ ಲಾಕರ್‌ನಲ್ಲಿ ಎರಡು ಮೀನಿನ ತಲೆ ಇಟ್ಟೆ. ಹೆಲ್ಮೆಟ್ ಒಳಗೆ. ಬೈಲಪ್ಪ ಇನ್ನೊಬ್ಬ ಆಪರೇಟರ್, ಪಾವಗಡದವನು, ಮಾತು ಅರ್ಧ ತೆಲುಗು, ಎರಡು ದಿನ ರಜೆ. ಸೋಮವಾರ ಬಂದು ತಲೆಗೆ ಹಾಕಿಕೊಳ್ಳಲಿ.

ಹೋದ ವರ್ಷ ಮ್ಯಾನೇಜರ್ ಡ್ರಾಯರ್‌ನಲ್ಲಿ ರಬ್ಬರ್ ಹಾವು ಇಟ್ಟಿದ್ದೆ. ಪ್ರಸನ್ನ ಕುಮಾರ್ ಮೇಜು ಹತ್ತಿದ್ದ. ಇನ್ನೂ ಮರೆತಿಲ್ಲ ಪಾಪ.

ಜುಲೈ 14, ಸೋಮವಾರ

ಬೇಗ ಹೋಗಿ ಲಾಕರ್ ತೆಗೆದೆ. ವಾಸನೆಯೇ ಇಲ್ಲ. ಯಾರೋ ಎತ್ತಿಕೊಂಡು ಹೋಗಿದ್ದಾರೆ ಎಂದುಕೊಂಡು ಹೆಲ್ಮೆಟ್ ತಿರುವಿದೆ. ಮೀನು ಅಲ್ಲೇ ಇದೆ. ಹುಳು ಬಿದ್ದಿದೆ. ಮುಖಕ್ಕೆ ಹಿಡಿದೆ. ಏನೂ ಇಲ್ಲ. ನೀರು ಮೂಸಿದ ಹಾಗೆ.

ಅಷ್ಟರಲ್ಲಿ ಬೈಲಪ್ಪ ಬಂದ. ಬಾಗಿಲಲ್ಲೇ ಹೊಟ್ಟೆ ಹಿಡಿದು ಬಗ್ಗಿದ.

"ಥೂ! ಏಂಟಿ ಮಾವ ಇದಿ, ಹೆಣ ಮಡಗಿದ್ದೀಯಾ? ಅದ್ನ ಮೂತಿಗ್ ಇಟ್ಕಂಡ್ ನಿಂತಿದ್ದೀಯಲ್ಲಪ್ಪಾ!"

"ನಮ್ ಮೂಗು ಎಲ್ಲಾನೂ ತಡ್ಕತದೆ ಕಣ್ಲಾ."

ಅವನ ಹಿಂದೆ ಬಂದ ಲೋಡಿಂಗ್‌ನವರೆಲ್ಲ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ಬೆಳ್ಳುಳ್ಳಿ ಜಜ್ಜಿದೆ. ಫಿನಾಯಿಲ್ ಮುಚ್ಚಳ ತೆಗೆದೆ. ಬೀಡಿ ಕಟ್ಟು ಬಿಚ್ಚಿದೆ. ಹೆಂಡತಿ ಲಕ್ಷ್ಮೀದೇವಿ ಒಲೆಯ ಮುಂದಿನಿಂದಲೇ ಕೂಗಿದಳು, "ಏನ್ ನಾಯಿ ಮೂಸ್ದಂಗ್ ಮೂಸ್ತೀಯ ಮನೆ ತುಂಬ?"

ಅವಳ ಮುಂದಿನ ಒಗ್ಗರಣೆಯನ್ನೂ ಬಗ್ಗಿ ಮೂಸಿದೆ.

ಜುಲೈ 15

ನೆಗಡಿ ಇರಬೇಕು.

ಜುಲೈ 16

ನೆಗಡಿ ಇಲ್ಲ.

ಜುಲೈ 19, ಶನಿವಾರ

ಮಂಡಿ ನೋವು ಎಂದು ರಜೆ ಹಾಕಿ ಮಧುಗಿರಿಗೆ ಹೋದೆ. ಡಾಕ್ಟರ್ ಮೂಗಿಗೆ ಟಾರ್ಚ್ ಬಿಟ್ಟು ನೋಡಿದರು. ಎಷ್ಟು ದಿನದಿಂದ? ಗೊತ್ತಿಲ್ಲ ಎಂದೆ. ಅದು ನಿಜ. ಹೆದರಿಕೆಯೂ ಅದೇ... ಎಷ್ಟು ದಿನದಿಂದ?

ಕೆಲಸ ಏನು ಎಂದರು. "ಬೇಸಾಯ" ಎಂದೆ.

ವಾಸನೆ ವಾಪಸ್ ಬರಬಹುದು, ಬಾರದೆಯೂ ಇರಬಹುದಂತೆ. ಬಸ್ಸಿನಲ್ಲಿ ಪಕ್ಕದವಳ ಮಡಿಲಲ್ಲಿ ಮಲ್ಲಿಗೆ ಬುಟ್ಟಿ. ಊರು ಬರುವವರೆಗೂ ಅದನ್ನೇ ನೋಡುತ್ತಾ ಕೂತಿದ್ದೆ.

ಜುಲೈ 22, ಮಂಗಳವಾರ

ಗಂಧಕದ ಬತ್ತಿ ತಂದಿದ್ದೇನೆ. ಉಸ್ತಾದ್ ಕಾಲದ ವಿದ್ಯೆ. ಹಚ್ಚಿದರೆ ತೆಳು ಹೊಗೆ. ಅಮೋನಿಯಾ ಇರುವ ಕಡೆ ಹಿಡಿದರೆ ಆ ಹೊಗೆ ಹಾಲಿನಂತೆ ಬೆಳ್ಳಗಾಗುತ್ತದೆ. ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ಹಚ್ಚಿಕೊಂಡು ಎಲ್ಲ ಪೈಪ್ ಸುತ್ತಿದೆ. ಕದಿರಯ್ಯನಿಗೆ ಬತ್ತಿ ಬೇಕಾಯಿತು ಎಂದು ಯಾರಿಗೂ ಗೊತ್ತಾಗಬಾರದು. ಬೈಲಪ್ಪ ಕೇಳಿದ. ಸೊಳ್ಳೆಗೆ ಎಂದೆ.

ದೊಡ್ಡ ಟ್ಯಾಂಕಿನ ಬುಡದ ವಾಲ್ವ್ ಹತ್ತಿರ ಹೊಗೆ ಸ್ವಲ್ಪ ಬೆಳ್ಳಗಾಯಿತು. ಬೋಲ್ಟ್ ಬಿಗಿ ಮಾಡಿದೆ. ನಿಂತಿತು. ಮೂಗು ಇಲ್ಲದಿದ್ದರೇನು, ತಲೆ ಇದೆಯಲ್ಲ!

ಆ ಟ್ಯಾಂಕ್ ಇರುವುದು ಹಾಲ್‌ನ ಗೋಡೆಯ ಬೆನ್ನಿಗೆ.

ಆಗಸ್ಟ್ 1, ಶುಕ್ರವಾರ

ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತಿದ್ದೇನೆ.

ಹರ್ಷಿತಾ ನನ್ನ ಅಕ್ಕನ ಮಗಳು. ಗೋಡೆ ಪಕ್ಕದ ಸಾಲಿನಲ್ಲಿ ಕೂತು ದಾಳಿಂಬೆ ಬಿಡಿಸುತ್ತಾಳೆ. ಬೆಳಗ್ಗೆ ಹಾಲ್‌ಗೆ ಹೋದಾಗ ಎಲ್ಲರ ಮುಂದೆ ಎದ್ದು ನಿಂತಳು.

"ಮಾವ, ಈ ಕಡೆ ಗ್ಯಾಸ್ ವಾಸ್ನೆ ಬತ್ತೈತೆ. ಕಣ್ಣುರೀತವೆ."

ಎಲ್ಲರ ಕೈ ನಿಂತಿತು. ನಲವತ್ತು ಜೊತೆ ಕೆಂಪು ಕೈ. ಎಲ್ಲರೂ ನನ್ನ ಮೂಗನ್ನೇ ನೋಡಿದರು. ಗೋಡೆ ಹತ್ತಿರ ಹೋಗಿ ಮೂಸಿದೆ. ನನಗೆ ಅಲ್ಲಿ ಏನೂ ಇರಲಿಲ್ಲ. ಕಣ್ಣು ಮಾತ್ರ ಚುರು ಚುರು ಎಂದಿತು.

ಹೇಳಬಹುದಿತ್ತು.

"ಅದು ಗ್ಯಾಸಲ್ಲ ಕಣಮ್ಮಿ. ದೊಡ್ಡಕ್ಕ ತಲೆಗ್ ಹಚ್ಕಂಡ್ ಬಂದಿರೋ ಹರಳೆಣ್ಣೆ!"

ಹಾಲ್ ಪೂರ್ತಿ ನಕ್ಕಿತು. ಅದೇ ಸಾಲಿನ ಮುದುಕಿ ದೊಡ್ಡಕ್ಕ ಸಿಪ್ಪೆ ಎಸೆದಳು, "ನಿನ್ ಮೂಗ್ ಕುಯ್ಯಾ!" ಮೇಸ್ತ್ರಿ ದಾಕ್ಷಾಯಣಮ್ಮ ಕೈ ತಟ್ಟಿದಳು, "ಕದಿರಯ್ಯನೇ ಇಲ್ಲ ಅಂದ್ಮ್ಯಾಲೆ ಇಲ್ಲ. ಕುಂತ್ಕಳ್ರಮ್ಮ, ಕೈ ಆಡ್ಸಿ." ಹರ್ಷಿತಾ ಕೂತಳು. ಅವಳು ನಗಲಿಲ್ಲ.

ಮಧ್ಯಾಹ್ನ ಬತ್ತಿ ಹಿಡಿದೆ. ವಾಲ್ವ್ ಸುತ್ತ ಹೊಗೆ ಅರಳೆಯಂತೆ ಬೆಳ್ಳಗೆ ನಿಂತಿತು. ಆಮೇಲೆ ನಿಧಾನವಾಗಿ ಗೋಡೆಯ ಕಡೆ ಸರಿಯಿತು — ಪೈಪ್ ತೂರಿಸಿದ ಕಿಂಡಿಯತ್ತ, ಹಾಲ್‌ನೊಳಕ್ಕೆ.

ಆಗಸ್ಟ್ 4, ಸೋಮವಾರ

ಪ್ರಸನ್ನ ಕುಮಾರ್‌ಗೆ ಹೇಳಿದೆ. ಟ್ಯಾಂಕಿನ ಬುಡದ ವಾಲ್ವ್ ಬದಲಿಸಬೇಕು. ಅದಕ್ಕೂ ಟ್ಯಾಂಕಿಗೂ ನಡುವೆ ಮುಚ್ಚಲು ಇನ್ನೊಂದು ವಾಲ್ವ್ ಇಲ್ಲ. ಹಾಗಾಗಿ ಎಲ್ಲ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಬೇಕು. ನಾಲ್ಕು ದಿನದ ಕೆಲಸ. ಕರೆದುಕೊಂಡು ಹೋಗಿ ಬತ್ತಿ ಹಚ್ಚಿ ತೋರಿಸಿದೆ.

"ಇಷ್ಟು ಎಲ್ಲಾ ಪ್ಲಾಂಟಲ್ಲೂ ಇರುತ್ತೆ ಕದಿರಯ್ಯ. ಹದಿನಾಲ್ಕಕ್ಕೆ ಕಾಳಿನ ಕಂಟೇನರ್ ಹೋಗ್ಲಿ, ಆಮೇಲೆ ನೋಡೋಣ. ಜಾಸ್ತಿ ಆದ್ರೆ ನಿನಗೆ ಗೊತ್ತಾಗುತ್ತಲ್ಲ? ಮೂಗು ಇದೆ."

"ಡಬ್ಬಿ ಆದ್ರೂ ಸರಿ ಮಾಡ್ಸಿ ಸಾರ್."

"ಅದರ ಸೆನ್ಸರ್ ಸತ್ತಿದೆ. ಆರ್ಡರ್ ಹಾಕಿದ್ರೆ ಮೂರು ವಾರ. ಅಲ್ಲಯ್ಯಾ, ಶುಕ್ರವಾರ ಹಾಲ್‌ನಲ್ಲಿ ಏನೂ ಇಲ್ಲ ಅಂದವನು ನೀನೇ ಅಂತೆ?"

"ಸಾರ್... ನಂಗೆ ವಾಸ್ನೆ ಬರಾಕಿಲ್ಲ. ಮೂಗು ಸತ್ತೋಗೈತೆ."

ಹೇಳಿಯೇಬಿಟ್ಟೆ. ಅವನು ಟ್ಯಾಂಕ್ ಹಿಡಿದುಕೊಂಡು ನಕ್ಕ.

"ಹಾವು ಆಯ್ತು, ಮೀನಿನ ತಲೆ ಆಯ್ತು, ಈಗ ಇದು! ಹೋಗಯ್ಯಾ, ಕೆಲಸ ನೋಡು."

ಆಗಸ್ಟ್ 6, ಬುಧವಾರ

ಸಾಬೀತು ಮಾಡಲು ಹೊರಟೆ. ಬೈಲಪ್ಪನಿಗೆ ಹೇಳಿದೆ, ನನ್ನ ಕಣ್ಣು ಕಟ್ಟು, ಏನು ಬೇಕಾದರೂ ಮೂಗಿಗೆ ಹಿಡಿ. ಲೋಡಿಂಗ್‌ನವರೆಲ್ಲ ಸುತ್ತ ಸೇರಿದರು. ನಿಂಬೆಹಣ್ಣು ಹಿಡಿದನಂತೆ, ಗ್ರೀಸ್ ಹಿಡಿದನಂತೆ, ಕೊನೆಗೆ ತನ್ನ ಸಾಕ್ಸ್ ಹಿಡಿದನಂತೆ. ಮೂರಕ್ಕೂ "ಏನೂ ಇಲ್ಲ" ಎಂದೆ.

"ಅಬ್ಬಬ್ಬಾ, ಏಂ ಆ್ಯಕ್ಟಿಂಗ್ ಮಾವಾ! ಸಾಕ್ಸ್‌ಗೂ ಮೂತಿ ಕಿವುಚ್ಲಿಲ್ಲ ನೋಡ್ರಲೇ!"

ಚಪ್ಪಾಳೆ ಹೊಡೆದರು.

ವಾಸನೆ ಬರುತ್ತದೆ ಎಂದು ತೋರಿಸಿಕೊಡಬಹುದು. ಬರುವುದಿಲ್ಲ ಎಂದು ಹೇಗೆ ತೋರಿಸುವುದು? ಅವರ ಜಾಗದಲ್ಲಿ ನಾನಿದ್ದರೂ ಕದಿರಯ್ಯನನ್ನು ನಂಬುತ್ತಿರಲಿಲ್ಲ.

ಬೋಲ್ಟ್ ಮತ್ತೆ ಅರ್ಧ ಸುತ್ತು ಬಿಗಿ ಮಾಡಿದೆ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಹಾಲ್‌ಗೆ ರಜೆ. ಅಕ್ಕನ ಮನೆಗೆ ಹೋದೆ. ಒಬ್ಬಟ್ಟು ಬಿಸಿ ಇತ್ತು, ಸಿಹಿ ಇತ್ತು. ಅಷ್ಟೇ ಇತ್ತು.

ಹರ್ಷಿತಾಳನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ನಂಬಿದಳು. ಇವಳೊಬ್ಬಳೇ.

"ಅವತ್ತೇ ಗೊತ್ತಾಯ್ತು. ನಿನ್ ಕಣ್ಣಾಗೆ ನೀರ್ ಬಂದಿತ್ತು, ಬಾಯ್ ಮಾತ್ರ ನಗ್ತಿತ್ತು."

"ನಾಳೆಯಿಂದ ನೀನ್ ಬರಬ್ಯಾಡ ಕಣವ್ವ."

"ನಾನೊಬ್ಳೇ ಉಳ್ಕಬೇಕಾ? ದೊಡ್ಡಕ್ಕ? ದಾಕ್ಷಾಯಣಮ್ಮ?"

"ಯೋಳುದ್ರೆ ನಗ್ತಾರೆ."

"ನಗ್ಲಿ ಬುಡು. ನನ್ನ ಸುಳ್ಳಿ ಮಾಡಿದ್ದು ನಲವತ್ತು ಜನದ ಮುಂದೆ. ಈಗ್ಲೂ ಅವರ ಮುಂದೆನೇ ಯೋಳು ಮಾವ. ಅಲ್ಲಿಗಂಟ ನಾನು ಆ ಗೋಡೆ ಪಕ್ಕನೇ ಕುಂತಿರ್ತೀನಿ."

ಅವಳ ಹಟ ಗೊತ್ತು. ನಮ್ಮ ಮನೆಯದೇ.

ಆಗಸ್ಟ್ 9, ಶನಿವಾರ

ಹೇಳಲೆಂದೇ ಹಾಲ್ ಬಾಗಿಲಿಗೆ ಹೋದೆ. ದಾಕ್ಷಾಯಣಮ್ಮ ನೋಡಿದವಳೇ, "ಏನ್ ತಮಾಷೆ ತಂದೆ ಕದಿರಯ್ಯ ಇವತ್ತು?" ಎಂದಳು. ಎಲ್ಲರೂ ಆಗಲೇ ನಗಲು ತಯಾರಾಗಿ ಮುಖ ಎತ್ತಿದರು.

ಬಾಯಿಗೆ ತಮಾಷೆಯೇ ಬಂತು. ಏನೆಂದು ಬರೆಯುವುದಿಲ್ಲ.

ಹರ್ಷಿತಾ ತಲೆ ಎತ್ತಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳ ಸಾಲಿನವರೆಲ್ಲ ಒರೆಸಿಕೊಳ್ಳುತ್ತಿದ್ದರು.

ಆಗಸ್ಟ್ 11, ಸೋಮವಾರ. ಬೆಳಗ್ಗೆ 8.50

ಬೋಲ್ಟ್ ಇನ್ನು ತಿರುಗುವುದಿಲ್ಲ. ಬಿಗಿ ಮಾಡಲು ಜಾಗ ಮುಗಿಯಿತು. ಬತ್ತಿಯ ಅಗತ್ಯವೂ ಇಲ್ಲ, ಟ್ಯಾಂಕ್ ಹತ್ತಿರ ನಿಂತರೆ ಗಂಟಲು ಹಿಡಿಯುತ್ತದೆ. ಪ್ರಸನ್ನ ಕುಮಾರ್ ಮೀಟಿಂಗ್ ಎಂದು ತುಮಕೂರಿಗೆ ಹೋಗಿದ್ದಾನೆ. ಫೋನ್ ಮೂರು ಸಲ ಮಾಡಿದೆ. ಕಟ್ ಮಾಡಿದ.

ಹರ್ಷಿತಾ ಬಂದಳು. ನನ್ನ ಮುಂದೆಯೇ ಹಾದು ಹೋಗಿ ಗೋಡೆ ಪಕ್ಕ ಕೂತಳು.

10.20

ಎರಡೂ ಕಂಪ್ರೆಸರ್ ನಿಲ್ಲಿಸಿದೆ. ನಿಲ್ಲಿಸಿದವನು ಕದಿರಯ್ಯ, ಬೈಲಪ್ಪ ಅಲ್ಲ. ಲಾಗ್‌ಬುಕ್ಕಿನಲ್ಲೂ ಬರೆದೆ, ಇಲ್ಲೂ ಬರೆಯುತ್ತಿದ್ದೇನೆ. ಕೇಳುವವರು ನನ್ನನ್ನೇ ಕೇಳಲಿ.

ಈಗ ಹಾಲ್‌ಗೆ. ಹೇಳಬೇಕಾದ್ದು ಇಷ್ಟೇ, ಬರೆದುಕೊಂಡು ಹೋದರೆ ಬಾಯಿ ತಪ್ಪುವುದಿಲ್ಲ — ನನ್ನ ಮೂಗು ಸತ್ತಿದೆ. ಅವತ್ತು ಸುಳ್ಳು ಹೇಳಿದೆ. ಹರ್ಷಿತಾ ಹೇಳಿದ್ದು ನಿಜ. ಎದ್ದು ಮುಂಬಾಗಿಲಿಂದ ಹೊರಗೆ ನಡೆಯಿರಿ. ನಕ್ಕರೆ ಇನ್ನೊಂದು ಸಲ ಹೇಳುವುದು. ಮತ್ತೂ ನಕ್ಕರೆ...

ಮೋಟಾರ್ ನಿಂತ ಮೇಲೆ ಈ ಕೋಣೆ ಇಷ್ಟು ಸುಮ್ಮನಿರುತ್ತದೆ ಎಂದು ಗೊತ್ತೇ ಇರಲಿಲ್ಲ. ಗೋಡೆಯಾಚೆ ಹೆಂಗಸರು ಯಾವುದೋ ಮಾತಿಗೆ ನಗುವುದು ಇಲ್ಲಿಗೆ ಕೇಳುತ್ತಿದೆ. ನಡುವೆ ಇನ್ನೊಂದು ಸದ್ದು. ಸಣ್ಣದು, ಟ್ಯಾಂಕಿನ ಬುಡದಿಂದ. ಇಷ್ಟು ದಿನ ಮೋಟಾರ್ ಗದ್ದಲದಲ್ಲಿ ಮುಚ್ಚಿಹೋಗಿತ್ತು. ಕುಕ್ಕರ್ ಕೂಗುವುದಕ್ಕೆ ಮುಂಚೆ ಬರುತ್ತದಲ್ಲ, ಹಾಗೆ...

ದೊಡ್ಡದಾಗುತ್ತಿದೆ. ಹರ್ಷಿತಾ ಕೂತಿರುವುದು