ಎಣಿಕೆ ಯಾವ ದಿನದಿಂದ

ಹೊನ್ನಾವರ, ಫೆಬ್ರವರಿ 30, 2203

ಇನ್ನೂ ನಮ್ಮನ್ನು ಕಾಣದ ಹಿರಿಯರೇ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಾರದು. ನಾವು ತಿಂಗಳುಗಳನ್ನು ಸರಿಸಮ ಮಾಡಿಕೊಂಡು ಐವತ್ತು ವರ್ಷವಾಯಿತು; ಕೈತಪ್ಪೆಂದು ಕಾಗದ ಎಸೆಯಬೇಡಿ. ನನ್ನ ಕೆಲವು ಪದಗಳೂ ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಕ್ಷಮೆಯಿರಲಿ. ನಾನು ಇಲ್ಲಿಯ ನ್ಯಾಯಾಲಯದಲ್ಲಿ ದಿನಮಾಪಕಿ. ಬಂದ ದಾವೆ ಗಡುವಿನೊಳಗೆ ಬಂದಿದೆಯೇ ಎಂದು ಎಣಿಸಿ, ಫೈಲಿನ ಮೊದಲ ಪುಟದಲ್ಲಿ ಬರೆಯುವವಳು. ಹತ್ತೊಂಬತ್ತು ವರ್ಷ ಎಣಿಸಿದೆ. ಗಡುವು ಯಾಕಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಶರಾವತಿ ಕಡಲು ಸೇರುವಲ್ಲಿ ಈಗ ಪಾಚಿಗದ್ದೆಗಳಿವೆ. ನೀರೊಳಗೆ ಮೈಲುಗಟ್ಟಲೆ ಹಗ್ಗ ಎಳೆದು ಅದರ ಮೇಲೆ ಕಡಲಪಾಚಿ ಬೆಳೆಯುತ್ತಾರೆ. ನಮ್ಮ ರೊಟ್ಟಿಯ ಹಿಟ್ಟಿನಲ್ಲಿ ಅರ್ಧ ಅದೇ, ದನದ ಮೇವೂ ಅದೇ. ಹಳೆಯ ಪೇಟೆ ಮುಳುಗಿ ಹೋಗಿರುವುದರಿಂದ ನ್ಯಾಯಾಲಯ ಗುಡ್ಡದ ಮೇಲಿದೆ. ಕಕ್ಷಿದಾರರು ದೋಣಿಯಲ್ಲಿ ಬಂದು, ನೂರಾನಲವತ್ತು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ನನ್ನ ಕಿಟಕಿಯೆದುರು ನಿಲ್ಲುತ್ತಾರೆ. ಮೋಹಿನಿ ಹರಿಕಂತ್ರ ನಿಂತಿದ್ದೂ ಹಾಗೆಯೇ.

ಅವಳ ಗಂಡ ಜಟ್ಟಪ್ಪ ಮುಳುಗಾಳು. ಬೆನ್ನಿಗೆ ಉಸಿರುಚೀಲ ಕಟ್ಟಿಕೊಂಡು ಆಳಕ್ಕಿಳಿದು ಪಾಚಿ ಕೊಯ್ಯುವ ಕೆಲಸ. ಒಂದು ಬೆಳಿಗ್ಗೆ ಇಳಿದವನು ಜೀವಂತ ಮೇಲೆ ಬರಲಿಲ್ಲ. ಹೃದಯ ನಿಂತಿತು ಎಂದರು ಗದ್ದೆಯ ಮಾಲೀಕರು. ಜಟ್ಟಪ್ಪನ ಅಪ್ಪನೂ ಹೃದಯದಿಂದಲೇ ಹೋಗಿದ್ದರಿಂದ ಊರು ನಂಬಿತು.

ಮೂರು ವರ್ಷದ ಮೇಲೆ, ಒಂದು ಮಧ್ಯಾಹ್ನ, ಅವಳು ಗಂಜಿ ಬಸಿಯುತ್ತಿದ್ದಾಗ ಈರಯ್ಯ ಅಂಬಿಗ ಬಂದು ಹೊಸ್ತಿಲಲ್ಲೇ ಕುಳಿತನಂತೆ. ಆ ದಿನ ದೋಣಿಯಲ್ಲಿದ್ದ ಇನ್ನೊಬ್ಬ ಮುಳುಗಾಳು ಅವನು. ಜಟ್ಟಪ್ಪನ ಉಸಿರುಚೀಲದಲ್ಲಿ ಗಾಳಿ ಬಿಡುವ ಬಿರಡೆ ಕೆಟ್ಟಿತ್ತು. ಹಿಂದಿನ ದಿನವೇ ಜಟ್ಟಪ್ಪ ಅದನ್ನು ಮಾಲೀಕರಿಗೆ ಹೇಳಿದ್ದ. ಇದೊಂದು ದಿನ ಇಳಿ, ನಾಳೆ ಬೇರೆ ಕೊಡುತ್ತೇವೆ ಎಂದಿದ್ದರು. ಇಷ್ಟು ವರ್ಷ ಬಾಯಿ ಮುಚ್ಚಿದ್ದ ಈರಯ್ಯ ಈಗ ಬಂದದ್ದು ಮಗಳು ಚಂಪೆಯಿಂದಾಗಿ. ಅದೇ ಗದ್ದೆಯಲ್ಲಿ, ಅದೇ ಚೀಲಗಳೊಂದಿಗೆ, ಮುಂದಿನ ತಿಂಗಳು ಅವಳು ಇಳಿಯುವವಳಿದ್ದಳು.

ಮೋಹಿನಿ ಹನ್ನೆರಡು ದಿನದಲ್ಲಿ ಕಾಗದ ಹೊಂದಿಸಿ ತಂದಳು. ಪರರ ತಪ್ಪಿನಿಂದಾದ ಸಾವಿಗೆ ಪರಿಹಾರ ಕೇಳಲು ಗಡುವು, ಸತ್ತ ದಿನದಿಂದ ಎರಡು ವರ್ಷ. ನಿಮ್ಮ ಕಾಲದಿಂದ ಬಂದದ್ದನ್ನು ನಾವು ಬದಲಿಸಿಲ್ಲ. ನಾನು ಎಣಿಸಿ ಹೇಳಿದೆ: ಒಂದು ವರ್ಷ ಇಪ್ಪತ್ತಾರು ದಿನ ತಡ.

ಅವಳು ಜಗಳ ತೆಗೆಯಲಿಲ್ಲ. ನಿಜವಾಗಿಯೂ ಅರ್ಥವಾಗದವಳಂತೆ ಕೇಳಿದಳು.

"ಅವ್ನು ಹೆಂಗೆ ಸತ್ತ ಅಂದೇಳಿ ನಂಗೆ ತಿಳಿದದ್ದೇ ಹನ್ನೆರಡ್ ದಿನದ ಹಿಂದೆ. ಮತ್ತೆ ನಾ ತಡ ಮಾಡ್ದದ್ದು ಯಾವಾಗ ಅಮ್ಮಾ?"

ಫೈಲನ್ನು ಪಕ್ಕಕ್ಕಿಟ್ಟೆ. ಅಂದು ಮಧ್ಯಾಹ್ನ ಊಟ ಬಿಟ್ಟು ದಾಖಲೆಕೋಣೆಗೆ ಹೋದೆ, ಮರುದಿನವೂ ಹೋದೆ. ನಿಮ್ಮ ಹಳೆಯ ಕಾನೂನಿನ ಪುಸ್ತಕಗಳು ಅಲ್ಲಿ ಗೆದ್ದಲಿಗೆ ಹೆದರಿ ಗಾಜಿನ ಪೆಟ್ಟಿಗೆಯಲ್ಲಿವೆ. ಗಡುವನ್ನು ನೀವು ಸುಮ್ಮನೆ ಇಟ್ಟಿರಲಿಲ್ಲ. ಸಾಕ್ಷಿಗಳು ಮರೆಯುತ್ತಾರೆ, ಕಾಗದ ಕಳೆಯುತ್ತದೆ, ಆರೋಪದ ಕತ್ತಿಯ ಕೆಳಗೆ ಯಾರನ್ನೂ ಜೀವಮಾನವಿಡೀ ನಿಲ್ಲಿಸಬಾರದು. ಒಪ್ಪುವ ಮಾತೇ. ಆಮೇಲೆ ಒಂದು ಸಣ್ಣ ಕಲಮು ಕಣ್ಣಿಗೆ ಬಿತ್ತು. ಸತ್ಯವನ್ನು ಮೋಸದಿಂದ ಮರೆಮಾಚಿದ್ದರೆ, ಅದು ತಿಳಿದ ದಿನದಿಂದ, ಅಥವಾ ಎಚ್ಚರದಿಂದ ವಿಚಾರಿಸಿದ್ದರೆ ತಿಳಿಯಬಹುದಾಗಿದ್ದ ದಿನದಿಂದ, ಎಣಿಕೆ ಶುರು. ಆ ಕಲಮನ್ನು ಯಾರೂ ರದ್ದು ಮಾಡಿರಲಿಲ್ಲ. ನಮ್ಮ ಫಾರಮ್ಮಿನಲ್ಲಿ ಇರುವುದು ಸಾವಿನ ದಿನಾಂಕ ತುಂಬುವ ಒಂದೇ ಮನೆ. ಹಾಗಾಗಿ ಮರೆತೇ ಹೋಗಿತ್ತು. ಹತ್ತೊಂಬತ್ತು ವರ್ಷದಲ್ಲಿ ನಾನು ಎಷ್ಟು ಜನರನ್ನು ಆ ಮೆಟ್ಟಿಲಿಳಿಸಿ ಕಳಿಸಿದ್ದೇನೋ ಗೊತ್ತಿಲ್ಲ. ಲೆಕ್ಕದ ಕೆಳಗೆ ನನ್ನ ಕೈಯಾರೆ ಆ ಕಲಮನ್ನು ಬರೆದೆ. ನನಗೆ ಅದರ ಅಧಿಕಾರವಿರಲಿಲ್ಲ.

ಗಡುವಿನ ವಿಚಾರಣೆಯ ದಿನ ಮೊದಲು ಈರಯ್ಯನನ್ನು ಕರೆದರು. ಹೃದಯ ನಿಂತಿತೆಂಬ ಮಾಲೀಕರ ವರದಿಗೆ ಸಾಕ್ಷಿಯಾಗಿ ಸಹಿ ಹಾಕಿದವರು ಯಾರೆಂದು ನ್ಯಾಯಾಧೀಶರು ಕೇಳಿದರು.

"ನಾನೇ," ಎಂದ. "ಸುಳ್ಳು ಅಂದೇಳಿ ಗೊತ್ತಿದ್ದೇ ಸೈನ್ ಹಾಕ್ದೆ."

ಆಮೇಲೆ ಮಾಲೀಕರ ವಕೀಲರು ಮೋಹಿನಿಯ ಕಡೆ ತಿರುಗಿದರು. "ಶವ ನೋಡಿದಾಗ ನಿಮಗೆ ಯಾವ ಸಂಶಯವೂ ಬರಲಿಲ್ಲವೇ?"

ಇಲ್ಲವೆನ್ನಲಿ ಎಂದು ನಾನು ಬೇಡಿಕೊಂಡೆ. ಸಂಶಯವಿದ್ದೂ ಸುಮ್ಮನೆ ಕುಳಿತವರನ್ನು ಆ ಕಲಮು ಕಾಯುವುದಿಲ್ಲ.

"ಬಂದಿತ್ತು," ಎಂದಳು ಮೋಹಿನಿ. "ತುಟಿ ನೀಲಿಯಾಗಿತ್ತು."

ವಕೀಲರು ಕುಳಿತುಕೊಳ್ಳಲು ಹೊರಟರು.

"ಅದ್ಕೇ ಮಾಲೀಕ್ರ ಹತ್ರ ಕೇಳೂಕೆ ಹೋದೆ. ಎರಡ್ ಸಲ ಹೋದೆ. ಮೊದ್ಲು ಬಾಯಲ್ಲಿ ಹೇಳಿ ಕಳ್ಸಿದ್ರು. ಎರಡ್ನೇ ಸಲ ಚೀಲ ಸರಿ ಇತ್ತು ಅಂದೇಳಿ ಬರ್ದೇ ಕೊಟ್ರು." ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆಯ ಕಾಗದ ತೆಗೆದಳು. ಗದ್ದೆಯ ಮುದ್ರೆ ಅದರ ಮೇಲಿತ್ತು.

ನ್ಯಾಯಾಧೀಶರು ಅದನ್ನು ಎರಡು ಸಲ ಓದಿದರು. ಈರಯ್ಯ ಹೊಸ್ತಿಲಲ್ಲಿ ಕುಳಿತ ಮಧ್ಯಾಹ್ನದಿಂದಲೇ ಎಣಿಕೆ ಎಂದು ತೀರ್ಪಾಯಿತು.

ಮೂಲ ದಾವೆ ಎಂಟು ತಿಂಗಳು ನಡೆದು ಮೋಹಿನಿಯ ಪರವಾಗಿ ಮುಗಿಯಿತು. ಚೀಲಗಳನ್ನೆಲ್ಲ ಹಿಂತೆಗೆಸಿದರು. ಅಲ್ಲಿಯವರೆಗೂ ಚಂಪೆ ಇಳಿಯದೆ ಕಾದಳು. ಸುಳ್ಳು ಸಾಕ್ಷಿಗಾಗಿ ಈರಯ್ಯನ ಮುಳುಗುವ ಪರವಾನಗಿ ಹೋಯಿತು; ಈಗ ಬಂದರಿನಲ್ಲಿ ಬಲೆ ಹೆಣೆಯುತ್ತಾನೆ. ಅಧಿಕಾರ ಮೀರಿದ್ದಕ್ಕೆ ನನಗೊಂದು ಛೀಮಾರಿ ಪತ್ರ ಬಂತು. ಮರುವಾರ ಅದೇ ಕಚೇರಿಯಿಂದ, ಫಾರಮ್ಮಿಗೆ ಎರಡನೆಯ ಮನೆ ಹೇಗೆ ಸೇರಿಸಬೇಕು ಎಂದು ಕೇಳಿ ಇನ್ನೊಂದು ಪತ್ರವೂ ಬಂತು.

ತೀರ್ಪಿನ ಪ್ರತಿ ಒಯ್ಯಲು ಮೋಹಿನಿ ಬಂದಿದ್ದಳು. ಕಾಗದ ಕೈಗೆ ಬಂದ ಮೇಲೂ ಹೋಗಲಿಲ್ಲ.

"ಎದೆನೋವು ಮುಚ್ಚಿಟ್ಟು ಸತ್ತ ಅಂದೇಳಿ ಮೂರ್ ವರ್ಷ ಅವ್ನ ಮೇಲೆ ಸಿಟ್ಟಿನಲ್ಲೇ ಇದ್ದೆ. ಫೋಟೋಕ್ಕೆ ಒಂದ್ ಹೂ ಇಡ್ಲಿಲ್ಲ. ತಪ್ಪಾಯ್ತು ಅಂದೇಳೂಕೆ ಗಡುವು ಉಂಟಾ ಅಮ್ಮಾ?"

"ಇಲ್ಲ," ಎಂದೆ. ಎಣಿಸದೆ ಕೊಟ್ಟ ಉತ್ತರ ನನ್ನ ಕೆಲಸದಲ್ಲಿ ಅದೊಂದೇ.

ನಿಮ್ಮಲ್ಲಿ ನನ್ನದೊಂದು ಕೇಳಿಕೆ. ಆ ಸಣ್ಣ ಕಲಮನ್ನು ಯಾರೂ ತಾವಾಗಿ ಬರೆದಿರಲಾರರು. ನಿಮಗಿಂತ ಹಿಂದೆ ಯಾವುದೋ ಕಿಟಕಿಯೆದುರು ಯಾರೋ ಒಬ್ಬಳು ನಿಂತು, ನಾನು ತಡ ಮಾಡಿದ್ದು ಯಾವಾಗ ಎಂದು ಕೇಳಿರಬೇಕು. ಅವಳ ಹೆಸರನ್ನು ಗಾಜಿನ ಪೆಟ್ಟಿಗೆಗಳಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ. ನಿಮಗೇನಾದರೂ ಗೊತ್ತಿದ್ದರೆ ಎಲ್ಲಿಯಾದರೂ ಬರೆದಿಡಿ. ನಾನು ಹುಡುಕುತ್ತಿರುತ್ತೇನೆ.

ನಿಮ್ಮ ಮುಂದಿನವಳು,
ತುಳಸಿ ಗಾಂವ್ಕರ್