ತ್ರೀಡಿ ಟಿವಿ ಮತ್ತ ನನ್ನ ಎಡಗಣ್ಣು

10 ಜನವರಿ 2012, ಮುಂಜಾನೆ ಒಂಬತ್ತು

...ತಪ್ಪಾತು, ಮತ್ತ ಮೊದಲಿಂದ ಹೇಳ್ತೇನಿ. ಮೊಬೈಲಿನ ರೆಕಾರ್ಡ್ ಗುಂಡಿ ಒತ್ತಿದ್ದಿಲ್ಲ. ಹತ್ತು ನಿಮಿಷ ಸುಮ್ನ ವಟಾವಟಾ. ವಯಸ್ಸು ಐವತ್ತಾತಲ್ಲ.

ನಮ್ಮ ಸವಣೂರ ಅಂಗಡಿಗೆ ಎರಡು ತ್ರೀಡಿ ಟಿವಿ ಬಂದಾವು. ಚಷ್ಮಾ ಹಾಕ್ಕೊಂಡ್ರ ಪರದೆ ಮ್ಯಾಲಿನ ಬಣ್ಣದ ಚಿಟ್ಟಿ ಹೊರಗ ಹಾರಿ ಬರತೈತಂತ. ಮಾಲಕರು, ಫಯಾಜ್ ಸಾಹೇಬ್ರು, ಹಿಡ್ಯಾಕ ಕೈ ಚಾಚಿದ್ರು. ನಾನೂ ಚಾಚಿದೆ. ನನಗದು ಕ್ಯಾಲೆಂಡರಿನ ಚಿಟ್ಟಿ ಹಂಗ ಚಪ್ಪಟಿ. ಹಾರಿದ್ದು ಕಾಣಾಕ ಎರಡೂ ಕಣ್ಣು ಬೇಕು — ನನ್ನ ಎಡಗಣ್ಣು ಹುಟ್ಟಿದಾಗಿಂದ ಬರೇ ಶೋಕಿಗೆ. ನನ್ನ ಹೇಣ್ತಿ ಹೇಮಾನ ಬಿಟ್ರ ಯಾರಿಗೂ ಗೊತ್ತಿಲ್ಲ.

"ನೀಲಪ್ಪಣ್ಣ, ಡಿಶ್ ಹಚ್ಚಾಕ ಬ್ಯಾರೇರನ್ನ ಇಡ್ತೇನಿ. ನಿಮ್ಮ ಬಾಯಿ ಚಲೋ ಐತಿ, ಡೆಮೊ ಮಾಡ್ರಿ. ಮುಂದ ಮನಿಮನಿಗೂ ಇದ," ಅಂದ್ರು ಸಾಹೇಬ್ರು.

ಇದು ಮನಿಮನಿಗೆ ಬಂದ್ರ ನಾ ಮನಿಗೇ.

14 ಜನವರಿ, ಸಂಜೀಕ

ಹುಲಗೂರಾಗ ಒಂದು ಮನ್ಯಾಗ ಡೆಮೊ. ನೋಡಾವ್ರು ಹದಿನಾಲ್ಕು ಮಂದಿ, ಚಷ್ಮಾ ಎರಡು. ಜಗಳ. ಮನಿ ಹಿರೇರು ಭರಮವ್ವ, ರೊಟ್ಟಿ ಬಡಕೋತ ಧಾರಾವಾಹಿ ನೋಡಾಕಿ. ಹಾಕ್ಕೊಂಡ್ಲು, ತಗದ್ಲು.

"ಕತ್ತಲಿ ಆಕೈತೋ ಯಪ್ಪಾ. ರೊಟ್ಟಿ ಹೊತ್ತಿದ್ದು ನಿಮ್ಮಪ್ಪ ನೋಡ್ತಾನೇನು?"

ಒಳಗೊಳಗ ಸಕ್ರಿ ತಿಂದಂಗಾತು.

19 ಜನವರಿ, ಸಂಜೀಕ

ಹಾನಗಲ್ಲ. ಗೋಪಿಕಾಬಾಯಾರ ಮನಿ, ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ಅವರ ಚಷ್ಮಾದ ಮ್ಯಾಲೆ ಈ ಚಷ್ಮಾ ಕೂಡಿಸಿದೆ. "ನೋಡ್ರಿ ಬಾಯಾರ, ಚಿಟ್ಟಿ ಮೂಗಿನ ಮ್ಯಾಲೆ ಕುಂತೇತಿ..."

ಅವರು ನನ್ನ ಕಡೆ ನೋಡಿದ್ರು. "ನೀಲಪ್ಪಾ, ಪರದೆ ಮೂಲ್ಯಾಗ ಟೂಡಿ ಅಂತ ಬರದದಲ್ಲೋ. ನೀ ತ್ರೀಡಿ ಹಚ್ಚೇ ಇಲ್ಲ. ನಿನಗೆಲ್ಲಿ ಕಾಣಸ್ತು ಚಿಟ್ಟಿ?"

ಕಣ್ಣಿನ ಕತಿ ಎಲ್ಲಾ ಹೇಳಿಬಿಟ್ಟೆ. ಚಹಾ ಕೊಟ್ರು. "ನಿಮ್ಮ ಸಾಹೇಬರಿಗೂ ನೀನ ಹೇಳು. ಈ ಟಿವಿ ಅಂತೂ ನಾ ಒಲ್ಲೆ. ಎರಡು ಚಷ್ಮಾ ಹೊರೂ ಮೂಗಲ್ಲ ನಂದು."

2 ಫೆಬ್ರುವರಿ, ಮಧ್ಯಾಹ್ನ

ಹದಿನಾಲ್ಕು ದಿನ ಸಾಹೇಬ್ರಿಗೆ ಹೇಳಾಕ ಬಾಯಿ ಬರಲಿಲ್ಲ... ನನಗ, ಬಾಯಿ ಬರಲಿಲ್ಲ. ಇವತ್ತ ಹೇಳಿದೆ.

ಸಾಹೇಬ್ರು ನನ್ನ ಎಡಗಣ್ಣಿನ ಮುಂದ ಕೈ ಆಡಿಸಿ ನೋಡಿದ್ರು. "ಮತ್ತ ಇಷ್ಟು ವರ್ಷ ಒಂದ ಕಣ್ಣಿಲೆ ಡಿಶ್ ಹೆಂಗ ನೆಟ್ಟಗ ಹಚ್ಚಿದ್ರಿ?"

"ಗುರಿ ಹಿಡ್ಯಾವ್ರು ಒಂದು ಕಣ್ಣು ಮುಚ್ಚತಾರಲ್ರಿ. ನಂದು ಮೊದಲ ಮುಚ್ಚೇತಿ."

ನಕ್ಕರು. "ಹೋಗ್ರಿ, ಡಿಶ್ಶ ಹಚ್ರಿ. ಈ ಎರಡೂ ಟಿವಿ ಕಂಪನಿಗೆ ವಾಪಸ್. ಒಬ್ರೂ ಕೇಳವಲ್ರು."

ಅಂಗಡಿ ಹಿಂದ ನಿಂತೇನಿ ಈಗ. ಎದಿ ಹಗುರ... ಹತ್ತಿ ಹಂಗ. ಟೆಂಪೊ ಬಂತು. ತಡಿ, ಸಾಹೇಬ್ರು ಕರ್ಯಾಕತ್ತಾರ.

"ನೀಲಪ್ಪಣ್ಣ, ಟಿವಿ ಪೆಟಗಿ ಹಿಡ್ಯಾಕ ಬರ್ರಿ. ನೀವು ಬಲಕ್ಕ ನೋಡ್ಕೋತ ನಡೀರಿ, ಎಡಕ್ಕ ನಾ ನೋಡ್ತೇನಿ."

ಬಂದೇರಿ, ಬಂ—