ಮೆಹರ್ ತಿಂಗಳ ಗ್ಯಾಸ್ಕೆಟ್

ಚಶ್ಮೆ ಸರ್ದ್, ಸೆಮಿರೊಮ್
ಆಬಾನ್ ೧೮, ೧೩೭೫

ಪ್ರೀತಿಯ ಖೊದಾಮರಾದ್ ಅವರಿಗೆ,

ಸಲಾಮ್. ಬಂದರಿನ ಉಪ್ಪುಗಾಳಿಗೆ ನಿಮ್ಮ ಕೆಮ್ಮು ಇಳಿಯಿತೇ? ಅಲ್ಲಿ ಇನ್ನೂ ಅಂಗಿ ಒದ್ದೆಯಾಗುವಷ್ಟು ಸೆಕೆ ಎಂದು ಟ್ಯಾಂಕರ್ ಓಡಿಸುವ ಇಸ್ಕಂದರ್ ಹೇಳಿದ. ಇಲ್ಲಿ ಬೆಟ್ಟದ ತಲೆ ಆಗಲೇ ಬೆಳ್ಳಗಾಗಿದೆ. ಮಕ್ಕಳು ಚೆನ್ನಾಗಿದ್ದಾರೆ. ಅತ್ತೆಯ ಮೊಣಕಾಲು ನೀವು ಬಿಟ್ಟುಹೋದ ಹಾಗೆಯೇ ಇದೆ, ನಾಲಿಗೆ ಮಾತ್ರ ದಿನದಿನಕ್ಕೆ ಗುಣವಾಗುತ್ತಿದೆ. ಸೇಬೆಲ್ಲ ಇಳಿಸಿ ಆಯಿತು, ಕೊನೆಯ ಪೆಟ್ಟಿಗೆಗಳೂ ಪೇಟೆ ಸೇರಿದವು. ಆದರೆ ಸುಲಭವಾಗಿ ಸೇರಲಿಲ್ಲ. ಅದನ್ನೇ ಬರೆಯಲು ಕೂತಿದ್ದೇನೆ.

ನೀವು ಹೊರಡುವ ಮುಂಚೆ, ಚಳಿ ಬರುತ್ತದೆಂದು, ಕೊಟ್ಟಿಗೆಯ ಡಬ್ಬದಲ್ಲಿದ್ದ ಥರ್ಮೋಸ್ಟಾಟನ್ನು ನಮ್ಮ ನೀಲಿ ಪಿಕಪ್‌ಗೆ ಮತ್ತೆ ಹಾಕಿ ಹೋದಿರಲ್ಲ. ಬೇಸಿಗೆಯಲ್ಲಿ ಕಿತ್ತಿಡುವುದು, ಮೆಹರ್ ತಿಂಗಳು ಬಂದರೆ ಹಾಕುವುದು ಈ ಊರಿನ ಗಂಡಸರೆಲ್ಲರ ಪದ್ಧತಿ, ನಿಮ್ಮದಂತೂ ನಮಾಜಿನ ಹಾಗೆ. ಸೇಬು ಹೇರಿಕೊಂಡು ನಾನು ಘಾಟಿ ಹತ್ತುತ್ತಿದ್ದೆ. ಅರ್ಧ ದಾರಿಯಲ್ಲಿ ಬಿಸಿಯ ಮುಳ್ಳು ಕೆಂಪಿಗೆ ಏರಿತು, ಬಾನೆಟ್ ಸಂದಿಯಿಂದ ಹಬೆ. ನಿಲ್ಲಿಸಿದೆ. ರೇಡಿಯೇಟರಿನ ಮುಚ್ಚಳ ಮುಟ್ಟಲಿಲ್ಲ, ನೀವು ಹೇಳಿಕೊಟ್ಟದ್ದು ಮರೆತಿಲ್ಲ. ಇಂಜಿನ್ ಹತ್ತಿರ ಕೈ ಹಿಡಿಯಲಾಗದಷ್ಟು ಕಾವು, ಆದರೆ ರೇಡಿಯೇಟರಿಗೆ ಹೋಗುವ ಮೇಲಿನ ಪೈಪು ಮುಟ್ಟಿದರೆ ತಣ್ಣಗೆ. ಆಗಲೇ ಅನಿಸಿತು, ನೀರಿಗೇನೂ ಕೊರತೆಯಿಲ್ಲ, ನಡುವೆ ಯಾವುದೋ ಬಾಗಿಲು ತೆರೆಯುತ್ತಿಲ್ಲ ಎಂದು.

ಗಾಡಿ ರಿಪೇರಿಯ ಉಸ್ತಾದ್ ಬಹಮನ್ ಬಂದು ನೋಡಿದ, ತೆರೆಯದ ಬಾಗಿಲು ಆ ಥರ್ಮೋಸ್ಟಾಟೇ. "ಕಿತ್ತು ಬಿಸಾಕಿ ಅತ್ತಿಗೆ, ಈ ಊರಲ್ಲಿ ಅರ್ಧ ಗಾಡಿ ಇದಿಲ್ದೇನೇ ಓಡ್ತವೆ" ಅಂದ, ಕಿತ್ತೂ ಬಿಟ್ಟ. ಗಾಡಿ ಓಡಿತು, ನಿಜ. ಆದರೆ ಚಳಿ ಬಿದ್ದ ಮೇಲೆ ಮುಳ್ಳು ಮೇಲೇಳುವುದೇ ಇಲ್ಲ. ಇಂಜಿನ್ ಬಿಸಿಯಾಗದೆ ಪೆಟ್ರೋಲ್ ಕುಡಿಯುತ್ತದೆ, ಒಳಗೆ ಹೀಟರ್ ಹಾಕಿದರೆ ಬೆಟ್ಟದ ಗಾಳಿಯೇ ಬರುತ್ತದೆ. ಅತ್ತೆಯನ್ನು ಡಾಕ್ಟರ ಹತ್ತಿರ ಕರೆದೊಯ್ದ ದಿನ ಎರಡು ಕಂಬಳಿ ಹೊದಿಸಿದರೂ ಅವರ ಹಲ್ಲು ಕಟಕಟ ಅನ್ನುತ್ತಿತ್ತು. "ನನ್ ಮಗ ಇದ್ದಿದ್ರೆ" ಎಂದು ಅವರು ಶುರು ಮಾಡುವ ಮೊದಲೇ, ಇದನ್ನು ನಾನೇ ಸರಿಮಾಡುತ್ತೇನೆ ಎಂದು ಹಟ ಹಿಡಿದೆ.

ಬಹಮನ್ ಕಿತ್ತಿಟ್ಟ ಆ ಹಿತ್ತಾಳೆಯ ತುಂಡನ್ನು ದಾರಕ್ಕೆ ಕಟ್ಟಿ ಪಾತ್ರೆಯ ನೀರಿಗೆ ಇಳಿಬಿಟ್ಟೆ. ನೀರು ಕೊತಕೊತ ಕುದಿದರೂ ಅದರ ಬಾಯಿ ಕೂದಲೆಳೆಯಷ್ಟೂ ತೆರೆಯಲಿಲ್ಲ. ಬೇಸಿಗೆಯೆಲ್ಲ ಡಬ್ಬದಲ್ಲಿ ಕೂತು ಕಿಲುಬು ಹಿಡಿದು ಅಂಟಿಕೊಂಡಿತ್ತು. ಅತ್ತೆ ಬಂದು ನೋಡಿ, "ನನ್ ಆಶ್ ಗಂಜಿ ಪಾತ್ರೇಲಿ ಗಾಡಿ ಬೇಯಿಸ್ತಿದೀಯಲ್ಲೇ, ಸಂಜೆಗೆ ಅದನ್ನೇ ಬಡಿಸ್ತೀಯೋ ಹೇಗೆ" ಅಂದರು. ಹೊಸದು ಬೇಕು ಅಂದೆ. "ಹಾಗಾದ್ರೆ ಮಾಹ್‌ಬಾನು ಅಂಗಡಿಗೆ ಹೋಗು" ಅಂದರು. ಆ ಹೆಸರು ಹೇಳುವಾಗ ಅವರ ದನಿ ಮೆತ್ತಗಾಗುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ.

ಪೇಟೆಯಲ್ಲಿ ಬಿಡಿಭಾಗದ ಅಂಗಡಿ ಅದೊಂದೇ ಎಂಬುದು ನನ್ನ ಹಣೆಬರಹ. ನಿಮ್ಮ ಚಿಕ್ಕಪ್ಪ ಕಣ್ಣು ಕಾಣದೆ ಬಾಗಿಲಲ್ಲಿ ಜಪಮಣಿ ಎಣಿಸುತ್ತಾ ಕೂತಿದ್ದರು, ಒಳಗೆ ಅವರ ಮಗಳು, ಅವಳು. ಹುಟ್ಟಿದ ದಿನವೇ, ನಿಮಗೇ ಹೆಂಡತಿಯಾಗಲೆಂದು, ನಿಮ್ಮ ಹೆಸರು ಹೇಳಿ ಹೊಕ್ಕುಳ ಬಳ್ಳಿ ಕೊಯ್ಯಿಸಿಕೊಂಡವಳು. ನೀವು ನನ್ನನ್ನು ಕಟ್ಟಿಕೊಂಡ ಮೇಲೆ ಬೇರೆ ಯಾರನ್ನೂ ಒಪ್ಪದೆ ಕೂತವಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಮೊದಲಿನಿಂದಲೂ ಇದೆ, ಮುಚ್ಚಿಡುವುದೇನು. ಆದರೆ ಅದು ಬೂದಿ ಮುಚ್ಚಿದ ಕೆಂಡವಾಗಿತ್ತು, ಅವತ್ತು ಯಾರೋ ಊದಿದ ಹಾಗಾಯಿತು.

ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಕೈಯಲ್ಲಿದ್ದ ತುಂಡು ನೋಡಿ, "ಇದು ಖೊದಾಮರಾದನ ಗಾಡೀದಲ್ವಾ? ಈ ಅರದ ಗೀರು ಅವನದೇ" ಅಂದಳು. ನನ್ನ ಗಂಡನ ಕೈಗೀರು ಅವಳಿಗೆ ಗೊತ್ತು. ಆಮೇಲೆ ಕೂರಿಸಿ ಚಹಾ ಕೊಟ್ಟಳು, ಜೊತೆಗೆ ಒಣದ್ರಾಕ್ಷಿ ಇಟ್ಟಳು. "ಅವನಿಗೆ ಚಹಾ ಜೊತೆ ಇದೇ ಆಗ್ಬೇಕು" ಅಂದಳು. ಮನೆಯಲ್ಲಿ ಇಷ್ಟು ವರ್ಷ ನೀವು ಸಕ್ಕರೆ ಗಟ್ಟಿ ಕಚ್ಚಿಕೊಂಡೇ ಕುಡಿಯುತ್ತಿದ್ದೀರಿ, ಒಂದು ದಿನವೂ ದ್ರಾಕ್ಷಿ ಕೇಳಿದವರಲ್ಲ. ಲೋಟ ಕೆಳಗಿಟ್ಟು, ಹೊಸದು ಕೊಡು ಅಂದೆ.

ಹೊಸ ಥರ್ಮೋಸ್ಟಾಟ್ ತೆಗೆದುಕೊಟ್ಟಳು. ಜೊತೆಗೆ, ಅದನ್ನು ಕೂರಿಸುವಾಗ ನೀರು ಸೋರದಂತೆ ನಡುವೆ ಇಡುವ ಕಾಗದದ ಗ್ಯಾಸ್ಕೆಟ್ಟನ್ನೂ ಇಟ್ಟು, "ಈ ಸಲ ಮೆಹರ್‌ನಲ್ಲಿ ಗ್ಯಾಸ್ಕೆಟ್‌ಗೆ ಬರ್ಲೇ ಇಲ್ಲ ಅವನು, ಹುಷಾರಿದಾನೆ ತಾನೆ?" ಅಂದಳು. ಆಗ ನನಗೆ ಹೊಳೆಯಿತು. ಊರಿನ ಬೇರೆ ಗಂಡಸರೆಲ್ಲ ಚಹಾಪುಡಿ ಪೊಟ್ಟಣದ ರಟ್ಟು ಕತ್ತರಿಸಿ ಗ್ಯಾಸ್ಕೆಟ್ ಮಾಡಿಕೊಳ್ಳುತ್ತಾರೆ. ನೀವು ಹೊರಡುವ ಗಡಿಬಿಡಿಯಲ್ಲಿ ಮಾಡಿದ್ದೂ ಅದನ್ನೇ. ಮಿಕ್ಕ ವರ್ಷಗಳಲ್ಲಿ ಮಾತ್ರ ಕೀಳುವಾಗ ಒಮ್ಮೆ, ಹಾಕುವಾಗ ಒಮ್ಮೆ, ತಲೆ ಬಾಚಿಕೊಂಡು ಪೇಟೆಗೆ ಹೋಗುತ್ತಿದ್ದಿರಿ. ನಾನು ಪೆದ್ದಿ, ಅಂಗಿಗೆ ಇಸ್ತ್ರಿ ಹಾಕಿ ಕಳಿಸುತ್ತಿದ್ದೆ.

ಗಾಡಿಯನ್ನು ನಾನೇ ಸರಿಮಾಡಿದೆ. ನೀರು ಇಳಿಸಿ, ಎರಡು ಬೋಲ್ಟ್ ಬಿಚ್ಚಿ, ಅಂಟಿದ್ದ ಹಳೆಯ ರಟ್ಟನ್ನು ಅಡುಗೆ ಚಾಕುವಿನಿಂದ ಹೆರೆದೆ. ಸ್ಪ್ರಿಂಗ್ ಇಂಜಿನ್ ಕಡೆಗೆ ಬರುವಂತೆ ಹೊಸದನ್ನು ಕೂರಿಸಿ, ನೀರು ತುಂಬಿ, ಗುಳ್ಳೆ ನಿಲ್ಲುವ ತನಕ ಮುಚ್ಚಳ ತೆಗೆದೇ ಇಂಜಿನ್ ಓಡಿಸಿದೆ. ಪೈಪು ಹಿಡಿದು ಕಾದೆ. ತಣ್ಣಗಿತ್ತು, ತಣ್ಣಗೇ ಇತ್ತು, ಆಮೇಲೆ ಒಮ್ಮೆಗೇ ಬಿಸಿಯಾಯಿತು. ಮುಳ್ಳು ನಡುವಿಗೆ ಬಂದು ನಿಂತಿತು. ಅತ್ತೆ ಹೀಟರ್ ಮುಂದೆ ಕಾಲು ಚಾಚಿ, "ಪರ್ವಾಗಿಲ್ಲ ಕಣೇ" ಅಂದರು. ಅವರ ಬಾಯಿಂದ ಅದು ದೊಡ್ಡ ಬಿರುದು.

ಮಕ್ಕಳು ನಿಮ್ಮ ಕೈಗೆ ಮುತ್ತು ಕಳಿಸಿದ್ದಾರೆ. ಅತ್ತೆಯ ಆಶೀರ್ವಾದ. ನಾನು ಏನು ಕಳಿಸಲಿ ಎಂದು ಇನ್ನೂ ಯೋಚಿಸುತ್ತಿದ್ದೇನೆ. ದೇವರು ನಿಮ್ಮನ್ನು ಕಾಯಲಿ, ನನಗಾಗಿಯೇ ಕಾಯಲಿ.

ನಿಮ್ಮ
ಗೊಲಂದಾಮ್

ಮರೆತಿದ್ದೆ: ಈ ಕಾಗದ ಒಯ್ಯಲು ಬಂದ ಇಸ್ಕಂದರ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಹೇಳಬೇಕಾದದ್ದೇ ಉಳಿಯಿತು. ಒಳ್ಳೆಯ ಥರ್ಮೋಸ್ಟಾಟನ್ನು ಬೇಸಿಗೆಯಲ್ಲೂ ಕೀಳಬಾರದಂತೆ. "ವರ್ಷಾವರ್ಷ ಹೇಳ್ತೀನಿ, ನಗ್ತಾನೆ, ಹೋಗ್ತಾನೆ" ಅಂದಳು ಅವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಡಿ, ಯಾಕೆ ನಕ್ಕಿರಿ ಎಂದಷ್ಟೇ ಬರೆಯಿರಿ. ನಮ್ಮ ಗಾಡಿಗೆ ಆಗುವ ಗ್ಯಾಸ್ಕೆಟ್ ಅವಳ ಅಂಗಡಿಯಲ್ಲಿ ಎಷ್ಟಿದ್ದವೋ ಅಷ್ಟನ್ನೂ ಕೊಡು ಅಂದೆ. ನನ್ನ ಮದುವೆಯ ಪೆಟ್ಟಿಗೆಯಲ್ಲಿವೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ಬೇಕಾದರೆ ಇನ್ನು ನನ್ನನ್ನು ಕೇಳಬೇಕು. ಆದರೆ ಕಟ್ಟಿಕೊಡುವಾಗ ಅವಳು ಅದರೊಳಗಿಂದ ಒಂದನ್ನು ತೆಗೆದು ಮತ್ತೆ ಡಬ್ಬಕ್ಕೆ ಹಾಕಿಕೊಂಡಳು. "ಒಂದ್ ಇರ್ಲಿ ಅಂಗಡೀಲಿ" ಅಂದಳು, ನನ್ನ ಮುಖ ನೋಡದೆ. ಬೇಡ ಅನ್ನಲು ನನ್ನಿಂದ ಆಗಲಿಲ್ಲ. ನೌರೂಜ್ ಹಬ್ಬಕ್ಕೆ ಬರುವಾಗ ಪೇಟೆಯಲ್ಲಿ ಇಳಿಯಬೇಡಿ, ನೇರ ಮನೆಗೆ ಬನ್ನಿ. ಒಣದ್ರಾಕ್ಷಿ ತಂದಿಟ್ಟಿದ್ದೇನೆ.